ಜರ್ಮನ್ ಯಾರದು

ನಮ್ಮ ಊರಿಗೆ ಬಂದವರು ಜರ್ಮನ್ ಹಿಡಿದವರ ಮನೆ ಯಾವುದು ಎಂದು ಕೇಳಬಾರದು. ಕೇಳಿದರೆ ಅವರಿಗೆ ಎರಡು ಮನೆ ತೋರಿಸುತ್ತಾರೆ. ಒಂದು ಊರ ನಡುವಿನ ಗೌಡರ ಮನೆ. ಇನ್ನೊಂದು ಹಳ್ಳದ ಆಚೆ, ನಮ್ಮ ಓಣಿಯ ಕೊನೆಗೆ, ಬಾಗಿಲ ಮೇಲೆ ಬುದ್ಧನ ಚಿತ್ರವಿರುವ ನಮ್ಮ ಮನೆ. ಎರಡೂ ಮನೆಯಿಂದ ಒಬ್ಬೊಬ್ಬರು ಎರಡನೇ ಮಹಾಯುದ್ಧಕ್ಕೆ ಹೋಗಿದ್ದರು. ಇಬ್ಬರೂ ಜೀವಂತ ಮರಳಿದರು. ಅಲ್ಲಿ ಒಬ್ಬ ಜರ್ಮನ್ ಸಿಪಾಯಿಯನ್ನು ಹಿಡಿದಿದ್ದರು ಎಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ. ಹಿಡಿದವರು ಯಾರು ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಆ ಕಾರಣಕ್ಕೆ ಎರಡು ಮನೆಗಳ ನಡುವೆ ಮಾತು ನಿಂತು ಎಪ್ಪತ್ತು ವರ್ಷದ ಮೇಲಾಗಿತ್ತು.

ಊರು ಜೇವರ್ಗಿ ತಾಲ್ಲೂಕಿನದು, ಅಂದೋಲಾಕ್ಕೆ ಹೋಗುವ ದಾರಿಯಲ್ಲಿದೆ. ನಾನು ಆಳಂದದ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುವ ಅತಿಥಿ ಉಪನ್ಯಾಸಕಿ. ವಾರವಿಡೀ ಅಲ್ಲೇ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ, ಕಲಬುರಗಿಯಲ್ಲಿ ಇನ್ನೊಂದು ಬಸ್ಸು ಹಿಡಿದು ಊರಿಗೆ ಬರುತ್ತೇನೆ. ಮಹಾಯುದ್ಧದ ಪಾಠ ಮಾಡುವಾಗ ನಮ್ಮ ಮನೆಯ ಜರ್ಮನ್‌ನ ಸುದ್ದಿಯನ್ನು ನಾನು ಎಂದೂ ಎತ್ತಿದವಳಲ್ಲ. ಅದಕ್ಕೆ ಆಧಾರವಿರಲಿಲ್ಲ. ಮೇಲಾಗಿ ಮನೆಯ ವಿಷಯವನ್ನು ತರಗತಿಗೆ ಒಯ್ಯುವುದು ನನಗೆ ಇಷ್ಟವಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಊರ ಶಾಲೆಯವರು ಒಂದು ನಿರ್ಧಾರ ಮಾಡಿದರು. ಊರಿನಿಂದ ಸೈನ್ಯಕ್ಕೆ ಹೋದವರ ಹೆಸರುಗಳನ್ನು ಶಾಲೆಯ ಗೋಡೆಯ ಮೇಲೆ ಬರೆಸಬೇಕು, ಸ್ವಾತಂತ್ರ್ಯ ದಿನಕ್ಕೆ ಅದು ಸಿದ್ಧವಾಗಬೇಕು ಎಂದು. ಅದಕ್ಕೊಂದು ಸಮಿತಿಯಾಯಿತು. ಸಮಿತಿಗೆ ಒಂದು ನಮೂನೆಯಾಯಿತು. ನಮೂನೆಯಲ್ಲಿ ನಾಲ್ಕು ಕಲಮುಗಳು: ಹೆಸರು, ತಂದೆಯ ಹೆಸರು, ಹೋದ ಯುದ್ಧ, ಸಾಧನೆ. ಸಾಧನೆಯ ಕಲಮು ಖಾಲಿ ಬಿಟ್ಟರೆ ಹೆಸರು ಬರೆಯುವುದಿಲ್ಲ ಎಂದು ಸಮಿತಿ ಠರಾವು ಮಾಡಿತ್ತು. ಹಾಗೆ ಮಾಡದಿದ್ದರೆ ಖಾಕಿ ಹಾಕಿದವರೆಲ್ಲ ಬರುತ್ತಾರೆ, ಅರಣ್ಯ ಇಲಾಖೆಯವರೂ ಬರುತ್ತಾರೆ ಎಂದು ಹೆಡ್‌ಮಾಸ್ತರರು ನನಗೆ ವಿವರಿಸಿದರು.

ಆ ಸುದ್ದಿ ಕೇಳಿದಂದಿನಿಂದ ಮುತ್ಯಾ, ಅಂದರೆ ನನ್ನ ಅಪ್ಪನ ಅಪ್ಪ, ದಿನಾ ಒಮ್ಮೆ ಶಾಲೆಯ ಗೋಡೆ ನೋಡಿ ಬರತೊಡಗಿದರು. ಯುದ್ಧಕ್ಕೆ ಹೋದವನು ಅವರ ಅಪ್ಪ. ಆ ಮನುಷ್ಯನ ಹೆಸರು ಎಲ್ಲಿಯೂ ಬರೆದಿಲ್ಲ. ಸೈನ್ಯದಿಂದ ಬಿಡುಗಡೆಯಾದ ಕಾಗದವಿತ್ತಂತೆ. ರಜಾಕಾರರ ಹಾವಳಿಯಲ್ಲಿ ಮನೆಯವರೆಲ್ಲ ನಡೆದುಕೊಂಡೇ ಅಫಜಲಪುರದ ಕಡೆಯಿಂದ ಭೀಮಾ ದಾಟಿ ಸೊಲ್ಲಾಪುರದ ಸೀಮೆಗೆ ಹೋದಾಗ ಅದು ದಾರಿಯಲ್ಲಿ ಕಳೆಯಿತು. ಹೊಲ ಅವನ ಹೆಸರಲ್ಲಿ ಇರಲಿಲ್ಲ. ಮುತ್ಯಾ ನಾಲ್ಕನೇ ಇಯತ್ತೆಯವರೆಗೆ ಕಲಿತರು. ಆದರೆ ಆಗಿನ ಹಾಜರಿ ಪುಸ್ತಕದಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಮಾಸ್ತರರು ಜಾತಿಯ ಹೆಸರು ಬರೆದು ಮುಂದೆ ಹೋಗಿದ್ದರು.

ಈ ಎಲ್ಲವನ್ನೂ ಮುತ್ಯಾ ದೂರಿನಂತೆ ಹೇಳಲಿಲ್ಲ. ನಾನು ನಮೂನೆ ತಂದ ಶನಿವಾರ ಅವರು ಕೇಳಿದ್ದು ಅಕ್ಷರ ಎಷ್ಟು ಎತ್ತರ ಇರುತ್ತವೆ ಎಂದು. ನಾಲ್ಕು ಬೆರಳು ಇರಬಹುದು ಎಂದೆ. ಅವರು ತಮ್ಮ ನಾಲ್ಕು ಬೆರಳು ಜೋಡಿಸಿ ಗೋಡೆಗೆ ಹಿಡಿದು ನೋಡಿದರು.

“ಸಾಕು,” ಅಂದರು. “ನಾ ಇರೂತನಾ ಅಪ್ಪನ ಹೆಸರು ಒಮ್ಮಿ ಬಣ್ಣದಾಗ ನೋಡ್ಬೇಕವ್ವ. ಆಮ್ಯಾಲ ಅಳಸಿದ್ರೂ ಅಳಸಲಿ.”

ತೊಡಕು ಸಾಧನೆಯ ಕಲಮಿನದು. ಗೌಡರ ಮನೆಯಿಂದಲೂ ಒಂದು ನಮೂನೆ ಬಂದಿತ್ತು, ಅದರಲ್ಲೂ ಜರ್ಮನ್ ಹಿಡಿದದ್ದೇ ಸಾಧನೆ. ಇದ್ದವನು ಒಬ್ಬ ಜರ್ಮನ್, ಹಿಡಿದವರು ಎರಡು ಮನೆ. ಎರಡೂ ಮನೆಯವರು ಒಪ್ಪಿ ಸಹಿ ಮಾಡಿದ ಒಂದೇ ವಾಕ್ಯ ಕೊಡಬೇಕು, ಜೇವರ್ಗಿಯ ಪೇಂಟರ್ ಬರುವುದರೊಳಗೆ ಕೊಡಬೇಕು, ಇಲ್ಲವಾದರೆ ಆ ಜಾಗದಲ್ಲಿ ‘ಕೈ ತೊಳೆದು ಊಟ ಮಾಡಿರಿ’ ಎಂದು ಬರೆಸುತ್ತೇವೆ ಎಂದು ಸಮಿತಿ ತಿಳಿಸಿತು. ವಾಕ್ಯ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಒಂದು ಪಕ್ಷದವಳು ಎಂದು ಹೇಳಿ ನೋಡಿದೆ. ಎಂ.ಎ. ಮಾಡಿದವರಿಗೆ ಪಕ್ಷ ಇರುವುದಿಲ್ಲ ಎಂದರು ಹೆಡ್‌ಮಾಸ್ತರರು.

ಮೊದಲ ಸಭೆ ಅವರ ಕೋಣೆಯಲ್ಲಿ, ಒಂದು ಶನಿವಾರ ಸಂಜೆ ನಡೆಯಿತು. ಈಗಿನ ಗೌಡರು ಯುದ್ಧಕ್ಕೆ ಹೋದವನ ಮಗ, ಮುತ್ಯಾನಿಗಿಂತ ಏಳೆಂಟು ವರ್ಷ ಚಿಕ್ಕವರು. ಜೇವರ್ಗಿಯ ಕೋರ್ಟಿನಲ್ಲಿ ಬಹಳ ವರ್ಷ ವಕೀಲಿ ಮಾಡಿದವರು. ಅವರು ಒಂದು ಕುರ್ಚಿಯಲ್ಲಿ, ಮುತ್ಯಾ ಇನ್ನೊಂದರಲ್ಲಿ. ನಡುವೆ ಒಂದು ಮೊಳದ ಅಂತರ. ಆದರೂ ಇಬ್ಬರೂ ಒಬ್ಬರಿಗೊಬ್ಬರು ಮಾತಾಡಲಿಲ್ಲ, ಎಲ್ಲವನ್ನೂ ಹೆಡ್‌ಮಾಸ್ತರರಿಗೆ ಹೇಳಿದರು. ಅವರಿಗೆ ಹೇಳ್ರಿ ಎಂದು ಇವರು, ಇವರಿಗೆ ಕೇಳ್ರಿ ಎಂದು ಅವರು. ಹೆಡ್‌ಮಾಸ್ತರರು ಪ್ರತಿ ಮಾತನ್ನೂ ಕನ್ನಡದಿಂದ ಕನ್ನಡಕ್ಕೆ ತಿರುಗಿಸಿ ಮುಟ್ಟಿಸುತ್ತಿದ್ದರು.

ಗೌಡರ ಜರ್ಮನ್ ಆರೂವರೆ ಅಡಿ ಎತ್ತರದವನು, ಕೆಂಪು ಮೀಸೆಯವನು, ಬಂದೂಕು ಕೆಳಗಿಟ್ಟು ಕೈಮುಗಿದವನು. ಮುತ್ಯಾನ ಜರ್ಮನ್ ಗಿಡ್ಡ, ಚಸ್ಮಾ ಹಾಕಿದವನು, ಮರಳಿನಲ್ಲಿ ಚಸ್ಮಾ ಕಳೆದುಕೊಂಡು ಹುಡುಕುತ್ತಿದ್ದಾಗ ಸಿಕ್ಕವನು. ಎಲ್ಲಿ ಎಂದು ಹೆಡ್‌ಮಾಸ್ತರರು ಕೇಳಿದರು. ಆಫ್ರಿಕಾ ಎಂದರು ಗೌಡರು. ಮರಳಿನ ದೇಶ ಎಂದರು ಮುತ್ಯಾ. ಹೆಡ್‌ಮಾಸ್ತರರು ಎರಡನ್ನೂ ಬರೆದುಕೊಂಡರು. ಗೌಡರ ಪ್ರಕಾರ ಅವರ ಅಪ್ಪ ಹಿಡಿದ, ನಮ್ಮವನು ಜರ್ಮನ್‌ನ ಗಂಟು ಹೊತ್ತುಕೊಂಡು ಬಂದ. ಇದೇ ಮಾತನ್ನು ಅವರ ಅಪ್ಪ ಹಿಂದೊಮ್ಮೆ ಕಟ್ಟೆಯ ಮೇಲೆ ಆಡಿದ್ದಕ್ಕೇ ಎರಡು ಮನೆಗಳ ಮಾತು ನಿಂತದ್ದು. ಮುತ್ಯಾನ ಪ್ರಕಾರ ಗೌಡರಪ್ಪ ಆ ದಿನ ಹೊಟ್ಟೆ ಕೆಟ್ಟು ಗುಡಾರದಲ್ಲಿ ಮಲಗಿದ್ದ.

ನಾನು ಒಂದೇ ಪ್ರಶ್ನೆ ಕೇಳಿದೆ. ಆಮೇಲೆ ಆ ಜರ್ಮನ್ ಏನಾದ?

ಇಷ್ಟು ವರ್ಷದಲ್ಲಿ ಎರಡೂ ಮನೆಯವರು ಅವನನ್ನು ಹಿಡಿಯುವವರೆಗೆ ಮಾತ್ರ ಕತೆ ಒಯ್ದಿದ್ದರು. ಗೌಡರು ಸ್ವಲ್ಪ ಯೋಚಿಸಿ ಸಾಹೇಬರಿಗೆ ಒಪ್ಪಿಸಿದರು ಎಂದರು. ಮುತ್ಯಾ, ಅವನಿಗೆ ಸಣ್ಣ ಮಕ್ಕಳಿದ್ದರು, ಅಪ್ಪ ಬಿಟ್ಟು ಕಳಿಸಿದ ಎಂದರು. ಹೆಡ್‌ಮಾಸ್ತರರು ಗಡಿಯಾರ ನೋಡಿದರು. ಸಭೆ ಮುಂದಕ್ಕೆ ಹೋಯಿತು.

ಮರುದಿನ ಬೆಳಿಗ್ಗೆ ಆಯಿ, ಅಂದರೆ ನನ್ನ ಅಜ್ಜಿ, ಒಲೆಯ ಮುಂದೆ ಕೂತಿದ್ದಳು. ಅವಳ ತವರು ಅಫಜಲಪುರ. ಆ ಊರಿನವರ ಹಾಗೆ ಅವಳೂ ಕೇಳದೆ ಏನನ್ನೂ ಹೇಳುವವಳಲ್ಲ. ಸಭೆಯಲ್ಲಿ ಏನಾಯಿತು ಎಂದು ವಿಚಾರಿಸಿದಳು. ಎತ್ತರ, ಮೀಸೆ, ಚಸ್ಮಾ ಎಲ್ಲ ಹೇಳಿದೆ. ಅವಳು ರೊಟ್ಟಿ ತಿರುವಿ ಹಾಕಿದಳು.

“ಮೀಸಿ ಎಲ್ಲಿಂದ ಬಂತು ಅದಕ,” ಅಂದಳು. “ಜರ್ಮನ್ ಅಂದ್ರ ಡಬರಿ ಬೇ.”

ಬೇಳೆ ಕುದಿಯುತ್ತಿದ್ದ ಪಾತ್ರೆಯನ್ನು ಅವಳು ಸೌಟಿನಿಂದ ತಟ್ಟಿ ತೋರಿಸಿದಳು. ನಮ್ಮ ಕಡೆ ಹಳಬರು ಅಲ್ಯುಮಿನಿಯಂ ಪಾತ್ರೆಗೆ ಜರ್ಮನ್ ಎನ್ನುತ್ತಾರೆ. ಜರ್ಮನ್ ತೊಳಿ, ಜರ್ಮನ್ ಬೋರಲ ಹಾಕು ಎಂದು ಆಯಿ ನನಗೆ ಸಾವಿರ ಸಲ ಹೇಳಿರಬೇಕು. ಅದೇ ಮನೆಯ ಪಡಸಾಲೆಯಲ್ಲಿ ಜರ್ಮನ್ ಮನುಷ್ಯನಾಗಿದ್ದ, ಅಡುಗೆಮನೆಯಲ್ಲಿ ಪಾತ್ರೆಯಾಗಿದ್ದ. ಪದಗಳನ್ನು ತೂಗಿ ಬಳಸುತ್ತೇನೆ ಎಂದು ನನಗೆ ನನ್ನ ಬಗ್ಗೆ ಒಂದು ಅಭಿಪ್ರಾಯವಿತ್ತು. ಇಪ್ಪತ್ತಾರು ವರ್ಷ ಈ ಎರಡನ್ನು ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಆಯಿಗೆ ಇದನ್ನು ಹೇಳಿದ್ದು ಅವಳ ಅತ್ತೆ, ಅಂದರೆ ಯುದ್ಧಕ್ಕೆ ಹೋದವನ ಹೆಂಡತಿ. ಇಬ್ಬರಿಗೂ ಪಲಟನ್ನಿನಲ್ಲಿ ಒಂದೊಂದು ಜರ್ಮನ್ ಡಬರಿ ಕೊಟ್ಟಿದ್ದರು. ಹಡಗಿನಲ್ಲಿ ಹೋಗುವಾಗ ಗೌಡರಪ್ಪನದು ಸಮುದ್ರಕ್ಕೆ ಬಿತ್ತು. ಮುಂದೆ ಯುದ್ಧ ಮುಗಿಯುವವರೆಗೆ ಇಬ್ಬರೂ ಒಂದೇ ಡಬರಿಯಲ್ಲಿ ಉಂಡರು. ಒಬ್ಬರಾದ ಮೇಲೆ ಒಬ್ಬರೋ ಎಂದು ಕೇಳಿದೆ.

“ಕೂಡೇ,” ಅಂದಳು. “ಉಸುಕು ಹಾರತಿತ್ತಂತ. ಒಬ್ಬ ಉಣ್ಣೂತನಾ ಇನ್ನೊಬ್ಬ ಕುಂತ್ರ ಉಸುಕಽ ತಿನ್ಬೇಕು.”

ಅಲ್ಲಿ ಅದು ಸಮಸ್ಯೆಯಾಗಲಿಲ್ಲ. ಸಮಸ್ಯೆಯಾದದ್ದು ಯುದ್ಧ ಮುಗಿದ ಮೇಲೆ, ನಮ್ಮ ಊರ ಅಗಸಿ ಬಾಗಿಲಲ್ಲಿ. ಆಗ ಗೌಡರ ಮನೆಯವರು ನಮ್ಮವರ ಕೈಯ ನೀರು ಕುಡಿಯುತ್ತಿರಲಿಲ್ಲ. ಇಬ್ಬರು ಸಿಪಾಯಿಗಳು, ಒಂದು ಡಬರಿ. ಅದು ಗೌಡರ ಮನೆಗೆ ಹೋದರೆ ನಮ್ಮವನು ಉಂಡ ಪಾತ್ರೆ ಆ ಮನೆಗೆ ಹೋದ ಹಾಗೆ. ನಮ್ಮ ಮನೆಗೆ ಬಂದರೆ ಗೌಡ ನಮ್ಮ ಪಾತ್ರೆಯಲ್ಲಿ ಉಂಡ ಹಾಗೆ. ಹಿರಿಯರು ಅಗಸಿಯಲ್ಲಿ ಇಬ್ಬರನ್ನೂ ನಿಲ್ಲಿಸಿ ಇದು ಯಾರದು ಎಂದು ಕೇಳಿದರು. ಗೌಡರಪ್ಪ ಹೆದರಿ, ಬಾಯಿಗೆ ಬಂದದ್ದನ್ನು ಹೇಳಿದ: ಜರ್ಮನ್. ಅವನು ಹೇಳಿದ್ದು ಪಾತ್ರೆಯ ಜಾತಿ, ಪಲಟನ್ನಿನಲ್ಲಿ ಕೇಳಿದ್ದು. ಊರಲ್ಲಿ ಆಗ ಆ ಲೋಹವನ್ನು ಕಂಡವರಿರಲಿಲ್ಲ. ಜರ್ಮನ್ ಎಂದರೆ ಯುದ್ಧದ ಆ ಕಡೆಯವನು ಎಂದಷ್ಟೇ ಅವರಿಗೆ ಗೊತ್ತು. ಓಹೋ, ಹಿಡಿದ ಜರ್ಮನ್‌ನದು, ಅವನಿಂದ ಕಸಿದು ತಂದಿದ್ದಾರೆ ಎಂದುಕೊಂಡರು. ಎಲ್ಲರಿಗೂ ಹಗುರವಾಯಿತು. ಡಬರಿ ಗೌಡನದಲ್ಲ, ನಮ್ಮವನದಲ್ಲ, ಊರಲ್ಲೇ ಇಲ್ಲದ ಒಬ್ಬನದು. ಆ ಡಬರಿಗೆ ಒಡೆಯನಾಗಿ ಆ ಜರ್ಮನ್ ಹುಟ್ಟಿದ.

ಆದರೂ ಡಬರಿಯನ್ನು ಯಾರೂ ಒಳಗೆ ಕರೆದುಕೊಳ್ಳಲಿಲ್ಲ. ಬಹಳ ದಿನ ಅದು ಅಗಸಿಯ ಬೇವಿನ ಗಿಡದ ಬುಡದಲ್ಲಿತ್ತು. ನಾಯಿಗಳು ನೀರು ಕುಡಿದವು. ಕೊನೆಗೆ ನಮ್ಮ ಮುತ್ಯಾನ ಅವ್ವ ಒಂದು ದಿನ ಎತ್ತಿಕೊಂಡು ಬಂದಳು. ಮೊದಲು ಬೇಡ ಬೇಡ ಎಂದು ದೂಡಾಡಿದ ಜರ್ಮನ್‌ಗಾಗಿಯೇ ಆಮೇಲೆ ಎರಡೂ ಮನೆಯವರು ನಮ್ಮದು ನಮ್ಮದು ಎಂದು ಜಗಳಾಡಿದರು.

ಡಬರಿ ಈಗ ಎಲ್ಲಿದೆ ಎಂದು ಕೇಳಿದೆ. ಇದ್ದಿದ್ದರೆ ಅದೊಂದು ಆಧಾರವಾಗುತ್ತಿತ್ತು.

“ತಳ ಹೋಗಿತ್ತು. ಗುಜರಿಯಂವಗ ಹಾಕ್ದೆ,” ಅಂದಳು ಆಯಿ. “ಚಹಾ ಸೋಸೂ ಜಾಳಗಿ ಕೊಟ್ಟ. ಛಲೋ ಇತ್ತು ಜಾಳಗಿ.”

ಮುತ್ಯಾನಿಗೆ ಇದು ಗೊತ್ತೇ ಎಂದೆ. ಅವರನ್ನೇ ಕೇಳು ಎಂದಳು. ನಾನು ಕೇಳಲಿಲ್ಲ. ಎಂಬತ್ತು ದಾಟಿದವರಿಗೆ, ಇಷ್ಟು ವರ್ಷ ನೀವು ಕಾಪಾಡಿದ ಮನುಷ್ಯ ಬೇಳೆ ಬೇಯಿಸುವ ಪಾತ್ರೆ ಎಂದು ಹೇಗೆ ಹೇಳುವುದು ಎಂದು ನನಗೆ ತಿಳಿಯಲಿಲ್ಲ. ಸುಳ್ಳು ಬರೆಯುವುದೂ ನನ್ನಿಂದಾಗದು. ಆಳಂದದ ಕೋಣೆಯಲ್ಲಿ ಕೂತು ನಾಲ್ಕು ಸಂಜೆ ಒಂದು ವಾಕ್ಯ ತಿದ್ದಿದೆ. ಕೊನೆಗೆ ಹೀಗಾಯಿತು: ಇಬ್ಬರೂ ಕೂಡಿ ಯುದ್ಧದಿಂದ ಒಂದು ಜರ್ಮನ್ ತಂದರು.

ಪ್ರತಿ ಪದವೂ ನಿಜ. ಕೇಳಿದವರು ಮನುಷ್ಯ ಎಂದುಕೊಂಡರೆ ಅದು ಅವರ ಆಯ್ಕೆ. ನನಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಎರಡನೇ ಸಭೆಯಲ್ಲಿ ಗೌಡರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಹೆಡ್‌ಮಾಸ್ತರರಿಗೆ ಚಹಾ ತರಿಸಲು ಹೇಳಿದರು. ಶಾಲೆಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಹೆಡ್‌ಮಾಸ್ತರರೇ ಎದ್ದು ಹೋದರು. ಕೋಣೆಯಲ್ಲಿ ನಾವು ಮೂವರು ಉಳಿದೆವು.

“ತಂಗಿ,” ಗೌಡರು ಹಾಳೆಯ ಮೇಲೆ ಬೆರಳಿಟ್ಟರು. “ಇಲ್ಲಿ ‘ಒಂದು’ ಅಂತ ಬರದೀದಿ. ‘ಒಬ್ಬ’ ಆಗ್ಬೇಕು.”

ಒಂದು ಎಂದರೂ ನಡೆಯುತ್ತದೆ ಎಂದೆ.

“ನಡಿಯೂದಿಲ್ಲ. ‘ಒಂದು’ ಅಂದ್ರ ಭಾಂಡೆ ಆಗ್ತದ.”

“ಭಾಂಡೆನಽ ಇತ್ತಂತ್ರಿ,” ಅಂದೆ. ಪಾತ್ರೆಯ ಸುದ್ದಿ ಹೇಳಬೇಕೆಂದು ಹೇಳಿದ್ದಲ್ಲ.

ಗೌಡರು ಕಿಟಕಿಯ ಕಡೆ ನೋಡಿದರು. ಕೋರ್ಟಿನಲ್ಲಿ ಅವರು ಎದುರಿನವರ ಸಾಕ್ಷಿಗೆ ಹೇಗೆ ಮುಖ ಮಾಡುತ್ತಿದ್ದರು ಎಂದು ನನಗೆ ಗೊತ್ತಿಲ್ಲ. ಆಗ ಅವರ ಮುಖದಲ್ಲಿ ಏನೂ ಇರಲಿಲ್ಲ. ಅಪ್ಪ ಸಾಯುವ ಮುಂಚೆ ತಮಗೂ ಹೇಳಿದ್ದ, ಆದರೆ ಯಾರಿಗೂ ಹೇಳಬಾರದು ಎಂದೂ ಹೇಳಿದ್ದ ಎಂದರು. ಇದು ಅವರು ನನಗೆ ಹೇಳಿದ್ದು, ಮುತ್ಯಾನಿಗಲ್ಲ, ಆದರೆ ಮುತ್ಯಾ ಅಲ್ಲೇ ಕೂತಿದ್ದರು. ನನಗೆ ಅವರ ಕಡೆ ತಿರುಗಲು ಧೈರ್ಯ ಬೇಕಾಯಿತು.

ಮುತ್ಯಾ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದರು.

“ನನಗೂ ಗೊತ್ತದ ಬೇ,” ಅಂದರು. “ಆ ಡಬ್ರಿಯಾಗ ನಾ ಅಂಬಲಿ ಕುಡದೀನಿ. ಡಬ್ರಿ ತಂದಾಂವನ ಹೆಸರು ಗ್ವಾಡಿ ಮ್ಯಾಲ ಯಾರ್ ಬರೀತಾರ? ‘ಒಬ್ಬ’ ಅಂತ ಬರಿ.”

ಎರಡು ಮನೆಗಳು ಮೊದಲ ಸಲ ಒಂದು ಮಾತಿಗೆ ಒಪ್ಪಿದ್ದು ಹೀಗೆ. ಊರಿನವರಷ್ಟೇ ಆ ಜರ್ಮನ್‌ನನ್ನು ನಂಬಿದ್ದರು. ಅವನಿಗಾಗಿ ಜಗಳಾಡಿದ ಇಬ್ಬರಿಗೂ ಅವನು ಇಲ್ಲವೆಂದು ಮೊದಲೇ ಗೊತ್ತಿತ್ತು. ನಾನು ಪೆನ್ನು ತೆಗೆದು ‘ಒಂದು’ ಹೊಡೆದುಹಾಕಿ ‘ಒಬ್ಬ’ ಬರೆದೆ. ‘ತಂದರು’ ಇದ್ದದ್ದು ‘ಹಿಡಿದರು’ ಆಯಿತು. ‘ಜರ್ಮನ್’ ಎಂಬುದು ‘ಜರ್ಮನ್‌ನನ್ನು’ ಆಯಿತು. ವಿಭಕ್ತಿ ಪ್ರತ್ಯಯ ಸೇರಿಸುವಾಗ ನನ್ನ ಕೈ ಒಮ್ಮೆ ನಿಂತಿತು, ಆದರೆ ಸೇರಿಸಿದೆ.

ಸಹಿ ಮಾಡುವ ಹೊತ್ತಿಗೆ ಗೌಡರು ಮತ್ತೆ ತಡೆದರು. ವಾಕ್ಯ ಇರಲಿ, ಆದರೆ ಹೆಸರುಗಳು ಬೇರೆ ಬೇರೆ ಸಾಲಿನಲ್ಲಿ ಬರಬೇಕು ಎಂದರು. ಮೊದಲ ಸಾಲಿನಲ್ಲಿ ತಮ್ಮ ಅಪ್ಪ, ಕೆಳಗಿನ ಸಾಲಿನಲ್ಲಿ ನಮ್ಮವನು, ಎರಡರ ಮುಂದೆಯೂ ಅದೇ ಸಾಧನೆ. ಸಾಲು ಬೇರೆ ಇದ್ದರೆ ಯಾರಿಗೂ ತೊಂದರೆಯಿಲ್ಲ ಎಂದು ನನಗೆ ಬಹಳ ಮೆತ್ತಗೆ ತಿಳಿಸಿ ಹೇಳಿದರು. ಅವರು ಬೇಡುತ್ತಿದ್ದದ್ದು ಏನು ಎಂದು ಕೋಣೆಯಲ್ಲಿದ್ದ ಮೂವರಿಗೂ ತಿಳಿದಿತ್ತು.

ಆಗ ಮುತ್ಯಾ ಕುರ್ಚಿಯಲ್ಲಿ ಪೂರ್ತಿ ಅವರ ಕಡೆ ತಿರುಗಿ ಕೂತರು. ಅವರ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು.

“ಗೌಡ್ರ, ಎರಡು ಸಾಲಿನ್ಯಾಗ ಬರದ್ರ ಎರಡು ಜರ್ಮನ್ ಆಗ್ತಾರ್ರಿ. ಇದ್ದಾಂವ ಒಬ್ಬಽ ಅಲ್ರಿ?”

ಗೌಡರು ಹಾಳೆಯನ್ನು ಮತ್ತೆ ಕಣ್ಣಿನ ಹತ್ತಿರ ಹಿಡಿದರು. ಡಬರಿಯೆಂದು ಬರೆದರೆ ಇಬ್ಬರೂ ಅದರಲ್ಲಿ ಉಂಡದ್ದು ಬರುತ್ತದೆ. ಒಬ್ಬ ಮನುಷ್ಯನೆಂದು ಬರೆದರೆ ಅವನನ್ನು ಎರಡು ಸಾಲಿಗೆ ಹರಿದು ಹಂಚಲು ಬರುವುದಿಲ್ಲ. ಕೊನೆಗೆ ಅವರು ನೇರವಾಗಿಯೇ ಉತ್ತರ ಕೊಟ್ಟರು.

“ಹಂಗಾದ್ರ ಇಬ್ಬರು ಅಂತ ಬರೀಲಿ. ನಮ್ಮಪ್ಪ ಒಬ್ಬನ್ನ ಹಿಡದ, ನಿಮ್ಮಪ್ಪ ಒಬ್ಬನ್ನ ಹಿಡದ.”

ಹೆಡ್‌ಮಾಸ್ತರರು ಅಷ್ಟೊತ್ತಿಗೆ ಕಾಗದದ ಕಪ್ಪುಗಳನ್ನು ತಟ್ಟೆಯಲ್ಲಿ ಹಿಡಿದು ಒಳಗೆ ಬಂದಿದ್ದರು. ಇಬ್ಬರು ಜರ್ಮನರು ಎಂಬುದು ಕಿವಿಗೆ ಬಿದ್ದು ಅವರು ಬಾಗಿಲಲ್ಲೇ ನಿಂತರು. ಹಾಗೆ ಹೆಚ್ಚು ಮಾಡಲು ಬರುವುದಿಲ್ಲ ಎಂದರು. ಒಬ್ಬ ಜರ್ಮನ್ ಊರಿಗೇ ಗೊತ್ತಿದ್ದಾನೆ, ಅವನಿಗೆ ಕಾಗದ ಬೇಕಿಲ್ಲ. ಎರಡನೆಯವನು ಹೊಸಬ. ಅವನಿಗೆ ದಾಖಲಾತಿ ಬೇಕಾಗುತ್ತದೆ, ಸಮಿತಿ ಕೇಳುತ್ತದೆ.

ಗೌಡರು ಚಹಾ ಕುಡಿದು ಮುಗಿಸಿ ಕಪ್ಪನ್ನು ಮಡಚಿ ಬುಟ್ಟಿಗೆ ಹಾಕಿದರು, ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು ಸಹಿ ಮಾಡಿದರು. ಮುತ್ಯಾ ಅದರ ಪಕ್ಕದಲ್ಲಿ ತಮ್ಮ ಹೆಸರು ಬರೆದರು. ಅವರ ಕೈ ನಿಧಾನ. ನಾವೆಲ್ಲ ಕಾದೆವು.

ಪೇಂಟರ್ ಬಂದದ್ದು ಸ್ವಾತಂತ್ರ್ಯ ದಿನಕ್ಕೆ ಮೂರು ದಿನ ಮೊದಲು. ನಾನು ಆಳಂದದಲ್ಲಿದ್ದೆ. ಮರುದಿನ ಎರಡು ತರಗತಿಗಳ ನಡುವೆ ಹೆಡ್‌ಮಾಸ್ತರರ ಫೋನ್ ಬಂತು. ಬರಹ ಚೆನ್ನಾಗಿ ಬಂದಿದೆ, ಆದರೆ ಸಣ್ಣದೊಂದು ಗೊಂದಲವಾಗಿದೆ ಎಂದರು. ನಾನು ಬರೆದುಕೊಟ್ಟಿದ್ದ ಸಾಲು ಉದ್ದವಾಗಿ ಗೋಡೆಯಲ್ಲಿ ಜಾಗ ಸಾಲದಾಗಿತ್ತು. ಪೇಂಟರ್ ಎರಡು ಹೆಸರುಗಳ ನಡುವಿನ ‘ಮತ್ತು’ ಬಿಟ್ಟು, ಎರಡನ್ನೂ ಜೋಡಿಸಿ ಬರೆದಿದ್ದ. ಈಗ ಓದಿದ ಮಕ್ಕಳೆಲ್ಲ ಅದನ್ನು ಒಬ್ಬನೇ ಮನುಷ್ಯನ ಉದ್ದ ಹೆಸರು ಎಂದುಕೊಳ್ಳುತ್ತಿದ್ದಾರೆ. ಗೌಡರು ಬೆಳಿಗ್ಗೆಯಿಂದ ಎರಡು ಸಲ ಬಂದು ಹೋದರು. ನಡುವೆ ಒಂದು ಗೆರೆಯಾದರೂ ಎಳೆಸಿ ಎನ್ನುತ್ತಿದ್ದಾರೆ.

“ನೀವು ವ್ಯಾಕರಣ ನೋಡಿ ಹೇಳ್ರಿ ಮೇಡಂ. ಏನರ ಹಾಕ್ಬೇಕೇನ್ರಿ ನಡುವ?”

ಹತ್ತು ನಿಮಿಷದಲ್ಲಿ ಹೇಳುತ್ತೇನೆ ಎಂದು ಮನೆಗೆ ಫೋನ್ ಮಾಡಿದೆ. ಮುತ್ಯಾ ಆಗಲೇ ಗೋಡೆ ನೋಡಿ ಬಂದಿದ್ದರು. ಯಾವ ಬಣ್ಣದಲ್ಲಿ ಬರೆದಿದ್ದಾರೆ ಎಂದು ಕೇಳಿದೆ. ನೀಲಿಯಲ್ಲಿ, ಎಣ್ಣೆ ಬಣ್ಣ ಎಂದರು. ಅಕ್ಷರ ನಾಲ್ಕು ಬೆರಳು ಇಲ್ಲ, ಮೂರೇ ಇವೆ, ಆದರೂ ಅಪ್ಪನ ಹೆಸರು ಪೂರ್ತಿ ಬಂದಿದೆ, ಒಂದು ಒತ್ತಕ್ಷರವೂ ತಪ್ಪಿಲ್ಲ ಎಂದರು. ತಾವು ಅದನ್ನು ಮುಟ್ಟಿದ್ದಾಗಿಯೂ, ಬಣ್ಣ ಹಸಿ ಇದ್ದು ಬೆರಳಿಗೆ ಹತ್ತಿದ್ದಾಗಿಯೂ, ಅದನ್ನು ಪೇಂಟರ್‌ಗೆ ಹೇಳಬೇಡವೆಂದೂ ಹೇಳಿದರು. ನಾನು ಗೆರೆಯ ವಿಷಯ ತೆಗೆದೆ. ಎರಡು ಹೆಸರು ಕೂಡಿಬಿಟ್ಟಿವೆ, ಗೌಡರಿಗೆ ಸರಿ ಬಂದಿಲ್ಲ, ನಿಮಗೇನು ಅನ್ನಿಸುತ್ತದೆ ಎಂದೆ.

ಆ ಕಡೆಯಿಂದ ಆಯಿ ಪಾತ್ರೆ ತೊಳೆಯುವ ಸಪ್ಪಳ ಕೇಳುತ್ತಿತ್ತು.

“ಇರಲಿ ಬಿಡವ್ವ,” ಅಂದರು ಮುತ್ಯಾ. “ಅಲ್ಲಿ ಹಂಗಽ ಕುಂತು ಉಂಡಾರ.”

ನಾನು ಹೆಡ್‌ಮಾಸ್ತರರಿಗೆ ಫೋನ್ ಮಾಡಿ, ಎರಡು ಹೆಸರುಗಳ ನಡುವೆ ಯಾವ ಚಿಹ್ನೆಯೂ ಬೇಕಾಗಿಲ್ಲ, ವ್ಯಾಕರಣದ ಪ್ರಕಾರ ಸರಿಯಾಗಿಯೇ ಇದೆ ಎಂದು ತಿಳಿಸಿದೆ. ಅದು ತಪ್ಪು ಎಂದು ನನಗೆ ಗೊತ್ತಿತ್ತು. ಗಂಟೆ ಹೊಡೆಯಿತು. ನಾನು ತರಗತಿಗೆ ಹೋದೆ.